ಕಹಿ ಉಪ್ಪಿನ ಚರಿತ್ರೆ: ಎಪ್ಸಮ್‌ನ ಗೋಮಾಳದಿಂದ ಹೆರಿಗೆಮನೆಯವರೆಗೆ

ಉಪ್ಪು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಡಿಗೆಯ ಉಪ್ಪು. ನಮ್ಮ ಗಾದೆ, ಒಗಟು, ಆಣೆ, ಹರಕೆಗಳೆಲ್ಲ ಬಹುಮಟ್ಟಿಗೆ ಈ ಒಂದು ಉಪ್ಪನ್ನೇ ಕುರಿತವು. ಜಾನಪದ ಅಧ್ಯಯನಗಳಲ್ಲಿಯೂ ಉಪ್ಪಿನ ಚರ್ಚೆ ಋಣ, ನಿಷ್ಠೆ, ದೃಷ್ಟಿನಿವಾರಣೆ ಎಂಬ ನೆಲೆಗಳಲ್ಲಿಯೇ ಹೆಚ್ಚಾಗಿ ನಡೆದಿದೆ. ಆದರೆ ಹಿಂದಿನ ತಲೆಮಾರಿನ ಅನೇಕ ಕನ್ನಡ ಮನೆಗಳಲ್ಲಿ ಇನ್ನೊಂದು ಉಪ್ಪೂ ಇತ್ತು. ಅದಕ್ಕೆ ಅಡಿಗೆಮನೆಯ ಉಪ್ಪಿನ ಮರಿಗೆಯಲ್ಲಿ ಜಾಗವಿರಲಿಲ್ಲ. ಕಾಗದದ ಪೊಟ್ಟಣದಲ್ಲಿ ಕಟ್ಟಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ವರ್ಷಕ್ಕೆ ಒಂದೆರಡು ಬಾರಿ, ಬೆಳಗಿನ ಹೊತ್ತು, ಬಿಸಿನೀರಿನಲ್ಲಿ ಕದಡಿ ಅಜ್ಜಿ ಅದನ್ನು ಮಕ್ಕಳಿಗೆ ಕುಡಿಸುತ್ತಿದ್ದಳು. ಆ ದಿನ ಮಧ್ಯಾಹ್ನದವರೆಗೆ ಗಂಜಿಯಲ್ಲದೆ ಬೇರೆ ಊಟವಿರಲಿಲ್ಲ. ಅದರ ಹೆಸರು ಭೇದಿ ಉಪ್ಪು. ಅದರ ಕಹಿಯ ನೆನಪು ಈ ಲೇಖಕನ ನಾಲಿಗೆಯಲ್ಲಿ ಇನ್ನೂ ಉಳಿದಿದೆ.

ರಸಾಯನಶಾಸ್ತ್ರದಲ್ಲಿ ಇದನ್ನು ಮೆಗ್ನೀಷಿಯಂ ಸಲ್ಫೇಟ್ ಎಂದೂ ವ್ಯಾಪಾರದಲ್ಲಿ ಎಪ್ಸಮ್ ಸಾಲ್ಟ್ ಎಂದೂ ಕರೆಯುತ್ತಾರೆ. ಒಂದು ಹೆಸರು ಧಾತುವನ್ನು ಹೇಳುತ್ತದೆ, ಇನ್ನೊಂದು ಊರನ್ನು ಹೇಳುತ್ತದೆ, ಕನ್ನಡದ ಹೆಸರು ಕೆಲಸವನ್ನು ಹೇಳುತ್ತದೆ. ಈ ಮೂರು ಹೆಸರುಗಳ ಹಿಂದೆ ಮೂರು ಬಗೆಯ ಜ್ಞಾನವಿದೆ. ಈ ಉಪ್ಪಿನ ಗುಣ, ಉತ್ಪಾದನೆ ಮತ್ತು ಬಳಕೆಯ ಚರಿತ್ರೆಯನ್ನು ವಿವರಿಸುತ್ತ, ಒಂದು ಸಾಮಾನ್ಯ ವಸ್ತುವಿನ ಬೆಲೆಯನ್ನು ಯಾರು ಕಂಡರು, ಯಾರು ದಾಖಲಿಸಿದರು, ಯಾರು ತಮ್ಮದಾಗಿಸಿಕೊಂಡರು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಉಪ್ಪಿನ ಸ್ವರೂಪ

ಭೇದಿ ಉಪ್ಪು ಬಣ್ಣವಿಲ್ಲದ, ಸೂಜಿಯಂತೆ ನೀಳವಾದ ಹರಳುಗಳ ರೂಪದಲ್ಲಿ ದೊರೆಯುತ್ತದೆ. ಮೆಗ್ನೀಷಿಯಂ, ಗಂಧಕ ಮತ್ತು ಆಮ್ಲಜನಕಗಳು ಕೂಡಿ ಆದ ಈ ಲವಣದ ಪ್ರತಿಯೊಂದು ಘಟಕದೊಂದಿಗೆ ನೀರಿನ ಏಳು ಅಣುಗಳು ಸೇರಿಕೊಂಡಿರುತ್ತವೆ. ಹರಳಿನ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು ಶೇಕಡ ೫೧ ಭಾಗ, ನೀರೇ ಆಗಿದೆ. ಒಣಹವೆಯಲ್ಲಿ ತೆರೆದಿಟ್ಟರೆ ಈ ನೀರಿನ ಒಂದಂಶ ಹೊರಟುಹೋಗಿ ಹರಳು ಮೇಲ್ಮೈಯಲ್ಲಿ ಪುಡಿಪುಡಿಯಾಗುತ್ತದೆ. ಇದರ ಸೋದರ ಲವಣವಾದ ಮೆಗ್ನೀಷಿಯಂ ಕ್ಲೋರೈಡ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಗಾಳಿಯಲ್ಲಿರುವ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ಕಲ್ಲುಪ್ಪು ನೀರು ಬಿಡುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಬೆರೆತಿರುವ ಈ ಕ್ಲೋರೈಡ್. ಮರಿಗೆಯ ತಳದಿಂದ ತೊಟ್ಟಿಕ್ಕುವ ಆ ನೀರನ್ನು ನಾಲಿಗೆಗೆ ಮುಟ್ಟಿಸಿದವರಿಗೆ ಅದು ಬರಿ ಉಪ್ಪಲ್ಲ, ಕಹಿ ಎಂಬುದು ಗೊತ್ತು.

ಭೇದಿ ಉಪ್ಪು ಹೊಟ್ಟೆಯನ್ನು ತೊಳೆಯುವ ಬಗೆ ಸರಳವಾದುದು. ಕರುಳು ಈ ಲವಣವನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಹೀರುತ್ತದೆ. ಕರುಳಿನಲ್ಲಿ ಉಳಿದ ಲವಣ ನೀರನ್ನು ತನ್ನೊಂದಿಗೆ ಹಿಡಿದಿಡುವುದರಿಂದ ಮಲ ಸಡಿಲಗೊಂಡು ಹೊರಬೀಳುತ್ತದೆ. ನೀರಿನ ಗಡಸುತನಕ್ಕೂ ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ಲವಣಗಳೇ ಕಾರಣ. ಇವುಗಳ ಸಲ್ಫೇಟ್‌ಗಳಿಂದ ಬಂದ ಗಡಸುತನ ನೀರನ್ನು ಕುದಿಸಿದರೂ ಹೋಗುವುದಿಲ್ಲ. ನಮ್ಮ ಹಳ್ಳಿಗಳ ಹೆಂಗಸರು ಬಾವಿಗಳನ್ನು ‘ಬೇಳೆ ಬೇಯುವ ನೀರು’, ‘ಬೇಳೆ ಬೇಯದ ನೀರು’ ಎಂದು ವಿಂಗಡಿಸುತ್ತಿದ್ದರು. ಸಿಹಿನೀರು, ಸಪ್ಪೆನೀರು, ಸವುಳುನೀರು, ಗಡಸುನೀರು ಎಂಬ ಮಾತುಗಳೂ ಇದೇ ಬಗೆಯ ಅನುಭವದಿಂದ ಹುಟ್ಟಿದವು. ನಾಲಿಗೆ ಮತ್ತು ಒಲೆ ಇವೆರಡೂ ಪ್ರಯೋಗಶಾಲೆಗಿಂತ ಹಳೆಯ ಪರೀಕ್ಷಾಸಾಧನಗಳು ಎಂಬುದನ್ನು ಇಲ್ಲಿ ಗಮನಿಸಬೇಕು.

೨. ದನ ಕುಡಿಯದ ನೀರು

ಈ ಉಪ್ಪಿಗೆ ಹೆಸರು ಕೊಟ್ಟ ಎಪ್ಸಮ್ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ, ಲಂಡನ್ ನಗರದ ನೈಋತ್ಯಕ್ಕಿರುವ ಊರು. ಅಲ್ಲಿನ ಬಾವಿಯ ಶೋಧದ ಕಥೆಯನ್ನು ಪಾದ್ರಿ ಹಾಗೂ ಇತಿಹಾಸಕಾರ ಥಾಮಸ್ ಫುಲ್ಲರ್ ತನ್ನ ‘ವರ್ದೀಸ್ ಆಫ್ ಇಂಗ್ಲೆಂಡ್’ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾನೆ. ಗ್ರಂಥ ಅಚ್ಚಾದದ್ದು ಅವನ ಮರಣಾನಂತರ, ೧೬೬೨ರಲ್ಲಿ. ಅವನು ಹೇಳುವ ಘಟನೆಯ ಕಾಲ ೧೬೧೮. ಅದು ಮಳೆಯಿಲ್ಲದ ಬೇಸಗೆ, ದನಗಳಿಗೆ ನೀರಿಲ್ಲ. ಹೆನ್ರಿ ವಿಕರ್ ಎಂಬವನು ಊರ ಬಯಲಿನಲ್ಲಿ ಪ್ರಾಣಿಯೊಂದರ ಗೊರಸಿನ ಗುರುತಿನಲ್ಲಿ ನೀರು ನಿಂತಿರುವುದನ್ನು ಕಂಡ. ಕೈಯಲ್ಲಿದ್ದ ಕೋಲಿನಿಂದ ಸುತ್ತಲೂ ಚೌಕವಾಗಿ ಅಗೆದು ಹೋದ. ಮರುದಿನ ಕಷ್ಟಪಟ್ಟು ಆ ಜಾಗವನ್ನು ಹುಡುಕಿ ಬಂದರೆ ಗುಂಡಿ ತಿಳಿನೀರಿನಿಂದ ತುಂಬಿ ಹರಿಯುತ್ತಿತ್ತು. ಆದರೆ ಬಾಯಾರಿದ ದನಗಳು ಮಾತ್ರ ಆ ನೀರನ್ನು ಮುಟ್ಟಲಿಲ್ಲ. ನಂತರದ ಕಥನಗಳು ವಿಕರ್‌ನನ್ನು ಕೆಲವೊಮ್ಮೆ ರೈತನೆಂದೂ ಕೆಲವೊಮ್ಮೆ ದನಗಾಹಿಯೆಂದೂ ಕರೆದಿವೆ.

ಜಾನಪದ ವಿದ್ಯಾರ್ಥಿಗೆ ಈ ಕಥೆಯ ಆಶಯ ಅಪರಿಚಿತವಲ್ಲ. ಪ್ರಾಣಿಯೊಂದು ಮನುಷ್ಯನಿಗೆ ಮಹತ್ವದ ಸ್ಥಳವನ್ನು ತೋರಿಸಿಕೊಡುವುದು ಜಗತ್ತಿನ ಅನೇಕ ಐತಿಹ್ಯಗಳಲ್ಲಿ ಬರುವ ಆಶಯ. ಕರ್ನಾಟಕದ ಎಷ್ಟೋ ದೇವಸ್ಥಾನಗಳ ಸ್ಥಳಪುರಾಣಗಳಲ್ಲಿ ಹಸುವೊಂದು ದಿನವೂ ಹುತ್ತದ ಮೇಲೆ ಹಾಲು ಸುರಿಸಿ ಬರುತ್ತದೆ. ಒಡೆಯ ಅನುಮಾನದಿಂದ ಅದರ ಬೆನ್ನುಹತ್ತಿ ಹೋಗುತ್ತಾನೆ. ಹುತ್ತದಲ್ಲಿ ದೇವರು ಕಾಣಿಸುತ್ತಾನೆ. ಎಪ್ಸಮ್‌ನ ಕಥೆ ಇದರ ತಿರುಗುಮುರುಗು. ಇಲ್ಲಿ ದನ ಕೊಡುವುದರಿಂದಲ್ಲ, ನಿರಾಕರಿಸುವುದರಿಂದ ಸ್ಥಳದ ಮಹಿಮೆ ತಿಳಿಯುತ್ತದೆ. ಆದರೂ ಎರಡು ಕಥೆಗಳೂ ಒಪ್ಪಿಕೊಳ್ಳುವ ಒಂದು ಮಾತಿದೆ. ನೆಲದ ಗುಣವನ್ನು ಮನುಷ್ಯನಿಗಿಂತ ಮೊದಲು ದನ ಅರಿಯುತ್ತದೆ. ದನದ ನಡತೆಯನ್ನು ಅರಿಯುವವನು ಅದರ ಹಿಂದೆ ನಡೆಯುವವನು.

ಈ ಐತಿಹ್ಯ ಬರೆಹಕ್ಕೆ ಬಂದದ್ದು ಘಟನೆ ನಡೆಯಿತೆನ್ನಲಾದ ನಾಲ್ಕು ದಶಕಗಳ ಮೇಲೆ. ಆದ್ದರಿಂದ ಇದನ್ನು ಯಥಾವತ್ತಾಗಿ ಚರಿತ್ರೆಯೆಂದು ಸ್ವೀಕರಿಸುವಂತಿಲ್ಲ. ಆದರೆ ಐತಿಹ್ಯ ಬಾವಿಯನ್ನು ಎಲ್ಲಿ ನೆಲೆಗೊಳಿಸುತ್ತದೆ ಎಂಬುದು ಮುಖ್ಯ. ಬಾವಿ ಇದ್ದದ್ದು ಎಪ್ಸಮ್ ಕಾಮನ್ ಎಂಬ ಬಯಲಿನಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗೋಮಾಳ. ಊರಿನ ದನಕರುಗಳೆಲ್ಲ ಮೇಯುವ ನೆಲ. ಈ ಉಪ್ಪು ಮೊದಲು ಕಂಡದ್ದು ಯಾವೊಬ್ಬನ ತೋಟದಲ್ಲಿಯೂ ಅಲ್ಲ, ಗೋಮಾಳದಲ್ಲಿ.

ಆರಂಭದಲ್ಲಿ ಈ ನೀರನ್ನು ಹುಣ್ಣು ತೊಳೆಯಲು, ಅಂದರೆ ಹೊರ ಉಪಯೋಗಕ್ಕೆ ಮಾತ್ರ ಬಳಸುತ್ತಿದ್ದರು. ಕುಡಿದರೆ ಭೇದಿಯಾಗುತ್ತದೆಂಬುದು ತಿಳಿದ ಮೇಲೆ ಲಂಡನ್‌ನ ಜನ ಬರತೊಡಗಿದರು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ೧೬೬೭ರ ಜುಲೈ ೧೪ರಂದು ಎಪ್ಸಮ್‌ಗೆ ಹೋಗಿ ಬಾವಿಯ ನೀರು ಕುಡಿದದ್ದನ್ನೂ, ಅದೇ ದಿನ ಗುಡ್ಡದ ಮೇಲೆ ಒಬ್ಬ ಕುರಿಗಾಹಿಯನ್ನೂ ಅವನಿಗೆ ಬೈಬಲ್ ಓದಿ ಹೇಳುತ್ತಿದ್ದ ಪುಟ್ಟ ಮಗನನ್ನೂ ಕಂಡದ್ದನ್ನೂ ಬರೆದಿದ್ದಾನೆ. ಕುದುರೆಯ ಮೇಲೆ ಊರೂರು ಸುತ್ತಿ ಪ್ರವಾಸಕಥನ ಬರೆದ ಸೀಲಿಯಾ ಫೈನ್ಸ್ ಎಂಬ ಮಹಿಳೆ ಇನ್ನೊಂದು ಸಂಗತಿ ಹೇಳುತ್ತಾಳೆ. ಬೇಡಿಕೆ ಹೆಚ್ಚಾದಾಗ ಬೆಳಗಿನ ಹೊತ್ತು ಬೇರೆ ಬಾವಿಗಳ ಸಾದಾ ನೀರನ್ನು ತಂದು ಈ ಬಾವಿಗೆ ತುಂಬುತ್ತಿದ್ದರಂತೆ. ಗೋಮಾಳದ ನೀರು ಆ ಹೊತ್ತಿಗೆ ಮಾರಾಟದ ಸರಕಾಗಿತ್ತು.

೩. ಬಾವಿಯಿಂದ ಅಂಗಡಿಗೆ

ನೀರಿನಿಂದ ಉಪ್ಪನ್ನು ಬೇರ್ಪಡಿಸಿ ಅದರ ಗುಣಗಳನ್ನು ವ್ಯವಸ್ಥಿತವಾಗಿ ವಿವರಿಸಿದವನು ನೆಹೆಮಿಯಾ ಗ್ರೂ. ವೃತ್ತಿಯಿಂದ ವೈದ್ಯನಾದ ಇವನು ಸಸ್ಯಗಳ ಅಂಗರಚನೆಯ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬ. ರಾಯಲ್ ಸೊಸೈಟಿಯ ಕಾರ್ಯದರ್ಶಿಯೂ ಆಗಿದ್ದ. ಎಪ್ಸಮ್ ಮತ್ತು ಅಂಥದೇ ಇತರ ನೀರುಗಳಲ್ಲಿರುವ ಕಹಿಯಾದ ಭೇದಿಯ ಲವಣವನ್ನು ಕುರಿತು ೧೬೯೫ರಲ್ಲಿ ಅವನು ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಶೀರ್ಷಿಕೆಯಲ್ಲೇ ‘ಕಹಿ’ ಮತ್ತು ‘ಭೇದಿ’ ಎಂಬ ಎರಡೂ ಗುಣಗಳು ಇದ್ದುದು ಗಮನಾರ್ಹ. ಪಂಡಿತನ ಲ್ಯಾಟಿನ್ ಹೆಸರು ಮತ್ತು ನಮ್ಮ ಅಜ್ಜಿಯರ ಕನ್ನಡ ಹೆಸರು ಎರಡೂ ಒಂದೇ ಲಕ್ಷಣವನ್ನು ಹಿಡಿದಿವೆ.

ಮುಂದೆ ನಡೆದದ್ದು ಹಕ್ಕಿನ ಜಗಳ. ಫ್ರಾನ್ಸಿಸ್ ಮೌಲ್ಟ್ ಎಂಬ ಔಷಧ ವ್ಯಾಪಾರಿ ೧೬೯೭ರಲ್ಲಿ ಗ್ರೂನ ಗ್ರಂಥವನ್ನು ಅವನ ಅನುಮತಿಯಿಲ್ಲದೆ ಇಂಗ್ಲಿಷಿಗೆ ಅನುವಾದಿಸಿ ಹಂಚಿದ. ಲಂಡನ್ ಬಳಿಯ ಶೂಟರ್ಸ್ ಹಿಲ್‌ನ ಊಟೆಯ ನೀರಿನಿಂದ ಮೌಲ್ಟ್ ಸೋದರರು ತಾವೇ ಉಪ್ಪನ್ನು ತಯಾರಿಸಿ ಮಾರತೊಡಗಿದರು. ಗ್ರೂ ತನ್ನ ಒಪ್ಪಿಗೆಯ ಬೇರೊಂದು ಅನುವಾದವನ್ನು ಹೊರಡಿಸಿದ್ದಲ್ಲದೆ ೧೬೯೮ರಲ್ಲಿ ಉಪ್ಪಿನ ತಯಾರಿಕೆಗೆ ರಾಜಮುದ್ರೆಯ ಏಕಸ್ವಾಮ್ಯವನ್ನು ಪಡೆದ. ಇಂಗ್ಲೆಂಡಿನಲ್ಲಿ ಔಷಧಕ್ಕೆ ದೊರೆತ ಮೊದಮೊದಲ ಏಕಸ್ವಾಮ್ಯಗಳಲ್ಲಿ ಇದೂ ಒಂದು. ವಿದ್ವಾಂಸ ಮತ್ತು ವ್ಯಾಪಾರಿಯ ಈ ವಾದದಲ್ಲಿ ಇಬ್ಬರ ಕಡೆಗೂ ನ್ಯಾಯವಿತ್ತೆಂದು ಹೇಳಬಹುದು. ಒಬ್ಬನು ಶ್ರಮಪಟ್ಟು ಕಂಡುಹಿಡಿದ ವಿಧಾನವನ್ನು ಇನ್ನೊಬ್ಬನು ಎತ್ತಿಕೊಂಡ. ಆದರೆ ಆ ಇನ್ನೊಬ್ಬನಿಂದಲೇ ಲ್ಯಾಟಿನ್ ಬಾರದವರಿಗೂ ಆ ವಿದ್ಯೆ ತಲುಪಿತು. ದನಗಳ ಹಿಂದೆ ನಡೆದವರ ಪಾಲು ಮಾತ್ರ ಆ ವ್ಯಾಜ್ಯದಲ್ಲಿ ಯಾರ ಪ್ರಶ್ನೆಯೂ ಆಗಲಿಲ್ಲ.

ಹದಿನೆಂಟನೆಯ ಶತಮಾನದ ನಡುವಿಗೆ ಈ ಉಪ್ಪು ವಿಜ್ಞಾನದ ಒಂದು ದೊಡ್ಡ ತಿರುವಿಗೆ ಕಾರಣವಾಯಿತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಪ್ಸಮ್ ಉಪ್ಪಿನ ದ್ರಾವಣಕ್ಕೆ ಸಸ್ಯಭಸ್ಮದ ಕ್ಷಾರವನ್ನು ಸೇರಿಸಿ ಬಿಳಿಯ ಪುಡಿಯೊಂದನ್ನು ಪಡೆದ. ಅದನ್ನು ಕಾಯಿಸಿದಾಗ ತೂಕ ಇಳಿಯಿತು. ಇಳಿದ ತೂಕ ಹೊರಬಿದ್ದ ಅನಿಲದ್ದೆಂದು ಅವನು ತೋರಿಸಿದ. ‘ಸ್ಥಿರವಾಯು’ ಎಂದು ಅವನು ಕರೆದ ಅದೇ ಇಂದಿನ ಇಂಗಾಲದ ಡೈಆಕ್ಸೈಡ್. ೧೭೫೫ರಲ್ಲಿ ಮಂಡಿಸಿ ೧೭೫೬ರಲ್ಲಿ ಅಚ್ಚಾದ ಈ ಪ್ರಬಂಧದಿಂದ ಮೆಗ್ನೀಷಿಯಾ ಮತ್ತು ಸುಣ್ಣ ಬೇರೆ ಬೇರೆ ಎಂಬುದೂ ಸ್ಪಷ್ಟವಾಯಿತು. ೧೮೦೮ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಮೆಗ್ನೀಷಿಯಂ ಒಂದು ಲೋಹವೆಂದು ತೋರಿಸಿದ. ೧೯೦೬ರ ಹೊತ್ತಿಗೆ ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್ ಎಲೆಯ ಹಸಿರಿನಲ್ಲಿ, ಅಂದರೆ ಪತ್ರಹರಿತ್ತಿನಲ್ಲಿ, ಈ ಲೋಹವಿರುವುದನ್ನು ಕಂಡುಕೊಂಡ. ಮೆಗ್ನೀಷಿಯಂ ಕೊರತೆಯಾದ ಗಿಡದ ಹಳೆಯ ಎಲೆಗಳು ನರಗಳ ನಡುವೆ ಹಳದಿಯಾಗುವುದಕ್ಕೆ ಕಾರಣವೂ ಇದೇ. ಜೋರು ಮಳೆಯಲ್ಲಿ ಮಣ್ಣಿನ ಸಾರ ಕೊಚ್ಚಿಹೋಗುವ ಪ್ರದೇಶಗಳ ಬೆಳೆಗಾರರು ಇಂದು ಗಿಡಕ್ಕೆ ಹಾಕುವ ಮೆಗ್ನೀಷಿಯಂ ಸಲ್ಫೇಟ್ ಆ ಭೇದಿ ಉಪ್ಪೇ.

೪. ಕಡಲಿನ ಉಳಿಕೆ ನೀರು

ಉಪ್ಪಿಗೆ ಎಪ್ಸಮ್‌ನ ಹೆಸರು ಉಳಿಯಿತಾದರೂ ಅದರ ಉತ್ಪಾದನೆ ಬೇಗನೆ ಬೇರೆಡೆಗೆ ಹೋಯಿತು. ಇದಕ್ಕೆ ಮುಖ್ಯ ಕಾರಣ ಕಡಲು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿವೆ. ಅದರಲ್ಲಿ ಸುಮಾರು ೨೭ ಗ್ರಾಂ ಅಡಿಗೆ ಉಪ್ಪು. ಐದು ಗ್ರಾಮಿಗೂ ಹೆಚ್ಚು ಮೆಗ್ನೀಷಿಯಂನ ಕ್ಲೋರೈಡ್ ಮತ್ತು ಸಲ್ಫೇಟ್. ನೀರು ಬಿಸಿಲಿಗೆ ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ, ಆಮೇಲೆ ಅಡಿಗೆ ಉಪ್ಪು ಹರಳುಗಟ್ಟುತ್ತವೆ. ಮೆಗ್ನೀಷಿಯಂ ಲವಣಗಳು ಕೊನೆಯ ಉಳಿಕೆ ನೀರಿನಲ್ಲಿಯೇ ನಿಲ್ಲುತ್ತವೆ. ಆ ನೀರನ್ನು ಸಕಾಲದಲ್ಲಿ ಹೊರಬಿಡದಿದ್ದರೆ ಉಪ್ಪು ಕಹಿಯಾಗುತ್ತದೆ. ಇಂಗ್ಲೆಂಡಿನ ದಕ್ಷಿಣ ತೀರದ ಲಿಮಿಂಗ್‌ಟನ್‌ನ ಉಪ್ಪಿನವರು ಬೇಸಗೆಯಲ್ಲಿ ಅಡಿಗೆ ಉಪ್ಪು ತೆಗೆದು, ಉಳಿದ ಕಹಿನೀರಿನಿಂದ ಚಳಿಗಾಲದಲ್ಲಿ ಎಪ್ಸಮ್ ಉಪ್ಪನ್ನು ತಯಾರಿಸುತ್ತಿದ್ದರು. ಬಿಸಾಡುತ್ತಿದ್ದ ನೀರಿಗೆ ಹೀಗೆ ಬೆಲೆ ಬಂದಿತು.

ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ, ಅಘನಾಶಿನಿಯ ಅಳಿವೆಯ ಉಪ್ಪುನೀರಿನಿಂದ, ಇದೇ ಬಿಸಿಲಿನ ವಿಧಾನದಲ್ಲಿ ಉಪ್ಪು ತೆಗೆಯುವ ಸಂಪ್ರದಾಯವಿದೆ. ಯಾವ ಹೊತ್ತಿಗೆ ಹರಳನ್ನು ಎಳೆಯಬೇಕು, ಯಾವ ಹೊತ್ತಿಗೆ ನೀರನ್ನು ಬಿಡಬೇಕು ಎಂಬ ವಿವೇಕ ಉಪ್ಪಿನ ಕೆಲಸದ ಜೀವಾಳ. ಮಾಪಕದ ಕೊಳವೆ ಇದನ್ನು ಬಾಮೆ ಎಂಬ ಅಳತೆಯಲ್ಲಿ ಹೇಳುತ್ತದೆ: ಸುಮಾರು ೨೫ಕ್ಕೆ ಉಪ್ಪು ಹರಳುಗಟ್ಟತೊಡಗುತ್ತದೆ, ೨೯-೩೦ಕ್ಕೆ ಬಂದ ನೀರನ್ನು ಹೊರಬಿಡಬೇಕು. ಮಾಪಕ ಬರುವುದಕ್ಕೆ ಎಷ್ಟೋ ಮೊದಲೇ ಉಪ್ಪು ತೆಗೆಯುವವರಿದ್ದರು. ಅವರಿಗೆ ಈ ಗಡಿಯನ್ನು ತಿಳಿಸಿದ್ದು ನೀರಿನ ಬಣ್ಣ, ಜಿಗುಟು ಮತ್ತು ಕಹಿ.

ಭಾರತದಲ್ಲಿ ಈ ಉಳಿಕೆ ನೀರಿನ ಉದ್ಯಮ ಬೆಳೆದದ್ದಕ್ಕೆ ಯುದ್ಧ ಕಾರಣವಾಯಿತು. ಹತ್ತಿಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕುವಾಗ ಅದು ಒಣಗಿ ಮುರಿಯದಂತೆ ಮೆಗ್ನೀಷಿಯಂ ಕ್ಲೋರೈಡ್ ಬೆರೆಸುತ್ತಿದ್ದರು. ಈ ಸರಕು ಜರ್ಮನಿಯಿಂದ ಬರುತ್ತಿತ್ತು. ಅಲ್ಲಿನ ಸ್ಟಾಸ್‌ಫುರ್ಟ್ ಪ್ರದೇಶದ ಗಣಿಗಳಲ್ಲಿ ಪ್ರಾಚೀನ ಕಡಲು ಬತ್ತಿ ಉಳಿದ ಲವಣಗಳ ದಪ್ಪನಾದ ಪದರಗಳಿದ್ದವು. ಮೆಗ್ನೀಷಿಯಂ ಸಲ್ಫೇಟ್‌ನ ಖನಿಜವಾದ ಕೀಸರೈಟ್ ಅಲ್ಲಿಯೇ ಪ್ರಸಿದ್ಧಿಗೆ ಬಂದಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸರಬರಾಜು ನಿಂತಾಗ ಗುಜರಾತಿನ ಚಿಕ್ಕ ರಣದ ಅಂಚಿನ ಖಾರಾಘೋಡಾದಲ್ಲಿ ಅಗರಿಯಾ ಉಪ್ಪುಗಾರರ ಮಡಿಗಳ ಉಳಿಕೆ ನೀರಿನಿಂದ ಮೆಗ್ನೀಷಿಯಂ ಕ್ಲೋರೈಡ್ ತಯಾರಿಕೆ ಆರಂಭವಾಯಿತು.

ಈ ಲವಣಗಳ ಚರಿತ್ರೆಯಲ್ಲಿ ಮೋಸದ ಅಧ್ಯಾಯವೂ ಇದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಂಕಾಷೈರ್‌ನ ಗಿರಣಿಗಳು ತೆಳುವಾದ ಬಟ್ಟೆಗೆ ಬಿಳಿ ಜೇಡಿ ಮತ್ತು ಮೆಗ್ನೀಷಿಯಂ ಲವಣಗಳನ್ನು ಗಂಜಿಯೊಡನೆ ತುಂಬಿ ತೂಕ ಹೆಚ್ಚಿಸಿ ಭಾರತಕ್ಕೂ ಚೀನಕ್ಕೂ ಕಳುಹಿಸುತ್ತಿದ್ದವು. ತೇವ ಹೀರುವ ಕ್ಲೋರೈಡ್‌ನಿಂದಾಗಿ ಹಡಗಿನಲ್ಲಿಯೇ ಬಟ್ಟೆಗೆ ಬೂಸಲು ಹಿಡಿದು ದೂರುಗಳು ಬಂದವು. ಕೊಂಡವರ ಮನೆಯಲ್ಲಿ ಮೊದಲ ಒಗೆತಕ್ಕೇ ಬಟ್ಟೆಯ ತೂಕ ಇಳಿಯುತ್ತಿತ್ತು. ಅದೇ ಗಿರಣಿಬಟ್ಟೆಯ ಪೈಪೋಟಿಯಲ್ಲಿ ನಮ್ಮ ಕೈಮಗ್ಗಗಳು ಸೋತವು ಎಂಬುದನ್ನು ನೆನೆದಾಗ ಈ ವಿವರದ ಭಾರ ತಿಳಿಯುತ್ತದೆ.

ಇಂದು ಮೆಗ್ನೀಷಿಯಂ ಸಲ್ಫೇಟ್ ಅನ್ನು ಕೀಸರೈಟ್ ಖನಿಜವನ್ನು ಕರಗಿಸಿ ಮತ್ತೆ ಹರಳುಗಟ್ಟಿಸುವುದರಿಂದ, ಇಲ್ಲವೆ ಮ್ಯಾಗ್ನಸೈಟ್ ಕಲ್ಲು ಅಥವಾ ಮೆಗ್ನೀಷಿಯಂ ಆಕ್ಸೈಡ್‌ನ ಮೇಲೆ ಗಂಧಕಾಮ್ಲವನ್ನು ವರ್ತಿಸುವಂತೆ ಮಾಡುವುದರಿಂದ ಪಡೆಯುತ್ತಾರೆ. ತಮಿಳುನಾಡಿನ ಸೇಲಂ ಬಳಿಯ ಬಿಳಿಯ ಗುಡ್ಡಗಳು ಮ್ಯಾಗ್ನಸೈಟ್‌ಗೆ ಹೆಸರಾದವು; ಮೈಸೂರು ಜಿಲ್ಲೆಯಲ್ಲಿಯೂ ಇದರ ನಿಕ್ಷೇಪಗಳಿವೆ. ಎಪ್ಸಮ್‌ನ ಬಯಲು ಇಂದಿಗೂ ಸಾರ್ವಜನಿಕ ಬಯಲಾಗಿಯೇ ಉಳಿದಿದೆ. ಅಂಗಡಿಯ ಎಪ್ಸಮ್ ಸಾಲ್ಟ್ ಅಲ್ಲಿಂದ ಬರುವುದಿಲ್ಲ.

೫. ಹೆರಿಗೆಮನೆಯ ಉಪ್ಪು

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆ ಕನ್ನಡಿಗರೆಲ್ಲರಿಗೂ ಗೊತ್ತು. ರುಚಿಯೇ ಇಲ್ಲದ ಈ ಕಹಿ ಉಪ್ಪು ತಾಯಂದಿರ ಜೀವವನ್ನು ಉಳಿಸಿದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ರಕ್ತದೊತ್ತಡ ಏರಿ, ಹಠಾತ್ತಾಗಿ ಸೆಳವು ಬಂದು, ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯವಾಗುತ್ತದೆ. ವೈದ್ಯರು ಇದನ್ನು ಎಕ್ಲಾಂಪ್ಸಿಯಾ ಎನ್ನುತ್ತಾರೆ. ಇಂಥ ಸೆಳವನ್ನು ಗಾಳಿ ಸೋಕಿತೆಂದು ಬಗೆದು ಅಂತ್ರ-ತಾಯಿತಗಳ ಮೊರೆಹೋಗಿ ಹೊತ್ತು ಕಳೆದುಕೊಂಡ ಪ್ರಸಂಗಗಳು ನಮ್ಮ ಹಳ್ಳಿಗಳಲ್ಲಿ ಕಡಿಮೆಯಲ್ಲ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ೧೯೦೬ರಲ್ಲಿ, ಜರ್ಮನಿಯಲ್ಲಿ ಈ ಸೆಳವಿಗೆ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದನ್ನು ಪ್ರಯೋಗಿಸಿದ್ದರು. ಆಮೇಲೆ ಕೆಲವು ದೇಶಗಳ ವೈದ್ಯರು ಇದನ್ನು ಬಳಸಿದರು, ಇತರರು ಬೇರೆ ದುಬಾರಿ ಔಷಧಗಳನ್ನು ನೆಚ್ಚಿದರು. ಯಾವುದು ಮೇಲು ಎಂಬುದಕ್ಕೆ ದೊಡ್ಡ ಪ್ರಮಾಣದ ಪುರಾವೆ ದೊರೆತದ್ದು ೧೯೯೫ರಲ್ಲಿ. ಭಾರತವೂ ಸೇರಿದಂತೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ಡಯಾಜೆಪಾಮ್ ಮತ್ತು ಫೆನಿಟಾಯಿನ್ ಎಂಬ ಔಷಧಗಳಿಗಿಂತ ಈ ಉಪ್ಪು ಮರುಸೆಳವನ್ನು ಚೆನ್ನಾಗಿ ತಡೆಯುತ್ತದೆಂದು ಸಿದ್ಧವಾಯಿತು. ೨೦೦೨ರಲ್ಲಿ ಪ್ರಕಟವಾದ ‘ಮ್ಯಾಗ್ಪೈ’ ಅಧ್ಯಯನ ೩೩ ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡಿತ್ತು. ಸೆಳವು ಬರುವ ಮೊದಲೇ ಇದನ್ನು ಕೊಟ್ಟರೆ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆಂದು ಅದು ತೋರಿಸಿತು. ಇಂದು ಇದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿದೆ.

ಮೊದಲ ಪ್ರಯೋಗಕ್ಕೂ ದೃಢವಾದ ಪುರಾವೆಗೂ ನಡುವೆ ತೊಂಬತ್ತು ವರ್ಷಗಳ ಅಂತರವಿದೆ. ಈ ವಿಳಂಬಕ್ಕೆ ಕಾರಣಗಳು ಹಲವು. ಆದರೆ ಯಾರೂ ಏಕಸ್ವಾಮ್ಯ ಪಡೆಯಲಾಗದ, ಪೈಸೆಗಳಲ್ಲಿ ಸಿಗುವ ಉಪ್ಪಿನ ಪರೀಕ್ಷೆಗೆ ಹಣ ಹೂಡಲು ಔಷಧ ಉದ್ಯಮಕ್ಕೆ ಕಾರಣವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ೧೬೯೮ರಲ್ಲಿ ಉಪ್ಪಿನ ಮೇಲೆ ಹಕ್ಕಿದ್ದುದರಿಂದ ಜಗಳವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಕ್ಕಿಲ್ಲದ್ದರಿಂದ ಅಲಕ್ಷ್ಯವಾಯಿತು. ಆ ಅಲಕ್ಷ್ಯದ ಬೆಲೆಯನ್ನು ತೆತ್ತವರು ತಾಯಂದಿರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚುಚ್ಚುಮದ್ದಿನ ಉಪ್ಪು ಶುದ್ಧೀಕರಿಸಿದ್ದು. ಅದರ ಪ್ರಮಾಣ ಮೀರಿದರೆ ಉಸಿರೇ ನಿಲ್ಲಬಹುದು. ಅದಕ್ಕಾಗಿಯೇ ದಾದಿಯರು ಮೊಣಕಾಲಿನ ಪ್ರತಿಕ್ರಿಯೆ, ಉಸಿರಾಟ ಮತ್ತು ಮೂತ್ರದ ಪ್ರಮಾಣವನ್ನು ಆಗಾಗ ಪರೀಕ್ಷಿಸುತ್ತಾರೆ. ಮಾರುಮದ್ದಾಗಿ ಕ್ಯಾಲ್ಸಿಯಂ ಗ್ಲುಕೋನೇಟನ್ನು ಹತ್ತಿರದಲ್ಲಿಯೇ ಇಟ್ಟುಕೊಂಡಿರುತ್ತಾರೆ. ಗೂಡಿನ ಪೊಟ್ಟಣದ ಭೇದಿ ಉಪ್ಪು ಈ ಚಿಕಿತ್ಸೆಗೆ ಬದಲಿಯಲ್ಲ.

೬. ಸಮಾರೋಪ

ಜಾನಪದ ಅಧ್ಯಯನದಲ್ಲಿ ಎರಡು ಅತಿರೇಕಗಳಿವೆ. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂಬುದು ಒಂದು. ಅವರದೆಲ್ಲ ಮೂಢನಂಬಿಕೆ ಎಂಬುದು ಇನ್ನೊಂದು. ಕಹಿ ಉಪ್ಪಿನ ಚರಿತ್ರೆ ಎರಡನ್ನೂ ಒಪ್ಪುವುದಿಲ್ಲ. ಎಪ್ಸಮ್‌ನ ದನಗಾಹಿಗೂ ನಮ್ಮ ಅಜ್ಜಿಗೂ ಮೆಗ್ನೀಷಿಯಂ ಗೊತ್ತಿರಲಿಲ್ಲ. ಬಸುರಿಯ ಸೆಳವಿಗೆ ಈ ಉಪ್ಪು ಮದ್ದೆಂಬುದನ್ನು ಯಾವ ಐತಿಹ್ಯವೂ ಹೇಳಲಿಲ್ಲ. ಆದರೆ ಈ ನೀರಿನಲ್ಲಿ ಏನೋ ಇದೆ ಎಂಬ ಮೊದಲ ಗುರುತು ಬಂದದ್ದು ದನದ ನಿರಾಕರಣೆಯಿಂದ, ಕುಡಿದವನ ಹೊಟ್ಟೆಯಿಂದ, ಉಪ್ಪಿನಾಗರದ ನಾಲಿಗೆಯಿಂದ. ಏಕೆ ಎಂಬುದನ್ನು ಪ್ರಯೋಗಶಾಲೆ ಹೇಳಿತು. ಎಷ್ಟು, ಯಾರಿಗೆ ಎಂಬುದನ್ನು ಆಸ್ಪತ್ರೆಗಳ ಅಧ್ಯಯನಗಳು ಹೇಳಿದವು. ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಚರಿತ್ರೆ ಅಪೂರ್ಣವಾಗುತ್ತದೆ.

ಕನ್ನಡ ಜಾನಪದ ಸಂಶೋಧಕರು ಮಾಡಬೇಕಾದ ಕೆಲಸವೊಂದು ಇಲ್ಲಿ ಉಳಿದಿದೆ. ನಲ್ಲಿಯ ನೀರು ಬಂದ ಮೇಲೆ ಬಾವಿಗಳು ಮುಚ್ಚುತ್ತಿವೆ. ಪುಡಿ ಉಪ್ಪು ಬಂದ ಮೇಲೆ ಮರಿಗೆಗಳು ಅಟ್ಟ ಸೇರಿವೆ. ಇವುಗಳೊಂದಿಗೆ ನೀರಿನ ರುಚಿಯನ್ನೂ ಉಪ್ಪಿನ ಗುಣವನ್ನೂ ಹೇಳುವ ಮಾತುಗಳು ಮರೆಯಾಗುತ್ತಿವೆ. ಪ್ರದೇಶವಾರು ಈ ಮಾತುಗಳನ್ನು ಕಲೆಹಾಕಿ, ಆಯಾ ಬಾವಿಯ ನೀರಿನ ರಾಸಾಯನಿಕ ಪರೀಕ್ಷೆಯೊಡನೆ ಇಟ್ಟು ನೋಡಿದರೆ, ಯಾವ ಮಾತು ಯಾವ ಲವಣವನ್ನು ಹಿಡಿದಿದೆ ಎಂಬುದು ತಿಳಿದೀತು. ಸವುಳು, ಗಡಸು, ಕಹಿ ಎಂಬುವು ಒಂದೇ ಅರ್ಥದ ಮಾತುಗಳಲ್ಲ. ಅವುಗಳ ಅಂತರವನ್ನು ಬಲ್ಲ ಹಿರಿಯ ಹೆಂಗಸರು ಇನ್ನೂ ಇರುವಾಗಲೇ ಆ ಕೆಲಸ ಆಗಬೇಕು.